ಅವ್ವನ ಕೈ

ಬ್ಲಾಗಿನ ಕಡೆ ಬಂದು ಮೂರು ತಿಂಗಳಾಯಿತು. ಕೆಲವರು ಮೇಲ್ ಮಾಡಿ "ಎಲ್ಲಿ ಹೋದಿರಿ?" ಅಂತ ಕೇಳಿದ್ದರು. ಎಲ್ಲಿಗೂ ಹೋಗಿರಲಿಲ್ಲ. ಬಲಗೈ ಮುಷ್ಕರ ಹೂಡಿತ್ತು, ಅಷ್ಟೇ :-)

ರಾತ್ರಿ ಎರಡು ಗಂಟೆಗೆ ಎಚ್ಚರವಾಗೋದು. ಹೆಬ್ಬೆರಳಿನಿಂದ ಉಂಗುರ ಬೆರಳಿನವರೆಗೆ ಜೋಮು, ಕಿರುಬೆರಳು ಮಾತ್ರ ಆರಾಮ. ಎದ್ದು ಕೂತು ಕೈ ಕೊಡವಿದರೆ ಸರಿಹೋಗೋದು. ಬೆಂಗಳೂರಿನ ಡಾಕ್ಟರು ನರದ ಪರೀಕ್ಷೆ ಮಾಡಿಸಿ "ಕಾರ್ಪಲ್ ಟನಲ್ ಸಿಂಡ್ರೋಮ್" ಅಂದರು. ಮಣಿಕಟ್ಟಿನ ಮೂಳೆಗಳಿಗೂ ಅವುಗಳ ಮೇಲಿನ ಗಟ್ಟಿ ಪಟ್ಟಿಗೂ ನಡುವೆ ಒಂದು ಕಿರಿದಾದ ದಾರಿ ಇದೆಯಂತೆ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆ ಮೀಡಿಯನ್ ನರ, ಎಲ್ಲವೂ ಅದರೊಳಗೇ ಹಾಯಬೇಕು. ಒಳಗೆ ಬಾವು ಬಂದರೆ ಪೆಟ್ಟು ತಿನ್ನೋದು ನರ. ಕಿರುಬೆರಳಿನ ನರ ಬೇರೆ ದಾರಿಯಲ್ಲಿ ಹೋಗುತ್ತದೆ, ಅದಕ್ಕೇ ಅದು ಬಚಾವ್.

"ಆಪರೇಷನ್ನಾ ಸಾರ್?" ಅಂತ ಹೆದರಿಕೊಂಡೇ ಕೇಳಿದೆ. "ಬೇಡ, ಇನ್ನೂ ಶುರುವಿನಲ್ಲಿದೆ. ಕನಿಷ್ಠ ಆರು ವಾರ ರಾತ್ರಿ ಸ್ಪ್ಲಿಂಟ್ ಕಟ್ಟಿಕೊಂಡು ಮಲಗಿ" ಅಂದರು. ನಿದ್ದೆಯಲ್ಲಿ ನಮಗೆ ಗೊತ್ತಿಲ್ಲದೆ ಮಣಿಕಟ್ಟು ಮಡಿಸುತ್ತೇವೆ, ಆಗ ಒಳಗಿನ ಒತ್ತಡ ಏರುತ್ತದೆ. ಸ್ಪ್ಲಿಂಟ್ ಅದನ್ನು ನೆಟ್ಟಗೆ ಹಿಡಿದಿಡುತ್ತದೆ. ಮೂರನೇ ವಾರಕ್ಕೆ ಬೆಳಗಿನ ತನಕ ನಿದ್ದೆ ಮಾಡಿದೆ.

ಅದೇ ಪಟ್ಟಿ ಬ್ಯಾಗಿಗೆ ಹಾಕಿಕೊಂಡು ದಸರೆಗೆ ಊರಿಗೆ ಹೋದೆ. ನಮ್ಮೂರು ಕುಡಚಿ, ಕೃಷ್ಣೆಯ ದಂಡೆ. ರಾತ್ರಿ ನೀರು ಕುಡಿಯಲು ಎದ್ದರೆ ಪಡಸಾಲೆಯಲ್ಲಿ ಅವ್ವ ಕತ್ತಲಲ್ಲಿ ಕೂತು ಎರಡೂ ಕೈ ಕೊಡವುತ್ತಿದ್ದಳು. ಥೇಟ್ ನನ್ನ ಹಾಗೆ.

"ಅವ್ವಾ, ಏನಾತು?"

"ಏನಿಲ್ಲೋ ತಮ್ಮಾ, ಕೈ ಜೋಮು ಹಿಡದಾವು. ದಿನಾ ಇದ್ದದ್ದ. ನೀ ಮಕ್ಕೊ."

"ಯಾವಾಗಿಂದ?"

"ಆರೇಳು ವರ್ಷ ಆತಲ್ಲ."

ನನಗೆ ನಿದ್ದೆ ಬರಲಿಲ್ಲ. ಚಹಾದ ಕಪ್ಪು ಅವಳ ಕೈಯಿಂದ ಜಾರಿ ಬಿದ್ದಾಗಲೆಲ್ಲ ನಾವು ನಕ್ಕಿದ್ದು ನೆನಪಾಯಿತು.

ಮರುದಿನ ರೈಲು ಹತ್ತಿ ಮಿರಜಿಗೆ ಹೋದೆವು. ಡಾಕ್ಟರು ಅವ್ವನಿಗೆ ಎರಡೂ ಮಣಿಕಟ್ಟು ಪೂರ್ತಿ ಮಡಿಸಿ ಮುಂಗೈ ಬೆನ್ನಿಗೆ ಬೆನ್ನು ಹಚ್ಚಿ ಹಿಡಿಯಲು ಹೇಳಿದರು. ಒಂದು ನಿಮಿಷ ತುಂಬುವ ಮೊದಲೇ ಜುಮ್ ಅಂತ ಶುರುವಾಯಿತು. ಆಮೇಲೆ ಬಲಗೈ ಹೆಬ್ಬೆರಳಿನ ಬುಡ ತೋರಿಸಿದರು. ಅಲ್ಲಿ ಉಬ್ಬಿರಬೇಕಾದ ಮಾಂಸ ಬಡವಾಗಿ ಚಪ್ಪಟೆಯಾಗಿತ್ತು. "ಈ ಕೈಗೆ ತಡ ಆಗೇದ, ಆಪರೇಷನ್ ಬೇಕಾಗ್ತದ. ಎಡಗೈ ಇನ್ನೂ ಉಳಿಸಬಹುದು" ಅಂದರು.

ಎಡಗೈಗೆ ರಾತ್ರಿ ಸ್ಪ್ಲಿಂಟ್ ಕೊಟ್ಟರು. ಅದರಿಂದ ಆಗದಿದ್ದರೆ ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಇಂಗ್ಲೆಂಡಿನಲ್ಲಿ ಇವೆರಡನ್ನೂ ಹೋಲಿಸಿ ನೋಡಿದ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಆರು ವಾರಕ್ಕೆ ಇಂಜೆಕ್ಷನ್ನಿನವರು ಹೆಚ್ಚು ಆರಾಮಾಗಿದ್ದರು, ಆರು ತಿಂಗಳಿಗೆ ಎರಡೂ ಹೆಚ್ಚುಕಡಿಮೆ ಸಮ. ಸಕ್ಕರೆ ಕಾಯಿಲೆ ಇದ್ದವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರಬಹುದು. ಸಕ್ಕರೆ ಕಾಯಿಲೆಯಿಂದಲೂ, ಥೈರಾಯ್ಡ್ ಕಡಿಮೆಯಾದರೂ ಈ ತೊಂದರೆ ಬರುವ ಸಾಧ್ಯತೆ ಹೆಚ್ಚು. ಹಾಗಾಗಿ ರಕ್ತ ಪರೀಕ್ಷೆಯೂ ಆಯಿತು. ಅವ್ವನಿಗೆ ಥೈರಾಯ್ಡ್ ಕಡಿಮೆ ಇರುವುದು ಗೊತ್ತಾಗಿದ್ದು ಹಾಗೆ. ಈಗ ದಿನಾ ಬೆಳಿಗ್ಗೆ ಒಂದು ಗುಳಿಗೆ. ಅಂಗಡಿಯಲ್ಲಿ ತಾವೇ ಬಿ6 ಗುಳಿಗೆ ಕೊಂಡು ವರ್ಷಗಟ್ಟಲೆ ನುಂಗುವವರಿಗೆ ಒಂದು ಮಾತು: ಅದು ಅತಿಯಾದರೆ ಅದೇ ನರಕ್ಕೆ ಕೇಡು.

ವಾಪಸ್ ಬರುವಾಗ ರೈಲಿನಲ್ಲಿ ಅವ್ವ ಕೇಳಿದಳು, "ನಿನ್ನ ಕಂಪ್ಯೂಟರ್ ಬ್ಯಾನಿ ನನಗ್ಯಾಕ ಬಂತೋ?"

ನಾನೂ ಇದು ನಮ್ಮಂಥವರ ಕಾಯಿಲೆ ಅಂದುಕೊಂಡಿದ್ದೆ. ಆದರೆ 2001ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ತಮ್ಮಲ್ಲೇ ಕಂಪ್ಯೂಟರ್ ಬಳಸುವ ಸಿಬ್ಬಂದಿಯನ್ನು ಪರೀಕ್ಷಿಸಿದಾಗ, ಅವರಲ್ಲಿ ಇದು ಉಳಿದ ಜನರಲ್ಲಿ ಇರುವಷ್ಟೇ ಇತ್ತು. ಕೈಗೆ ಬಲ ಹಾಕಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರಿಗೇ ಅಪಾಯ ಹೆಚ್ಚು. ಅವ್ವ ಮೂವತ್ತು ವರ್ಷದಿಂದ ಎಮ್ಮೆ ಹಿಂಡುತ್ತಾಳೆ, ಅರಿವೆ ಹಿಂಡುತ್ತಾಳೆ, ಹಿಟ್ಟು ನಾದಿ ರೊಟ್ಟಿ ಬಡಿಯುತ್ತಾಳೆ. ನನಗೆ ಆಫೀಸಿನಲ್ಲಿ ಹೊಸ ಕುರ್ಚಿ, ಹೊಸ ಮೌಸ್ ಕೊಟ್ಟರು. ಅವಳ ಕೆಲಸ ಕಡಿಮೆ ಮಾಡಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ಈಗ ಎಮ್ಮೆ ಹಿಂಡೋದು ಅಪ್ಪ. ಬಟ್ಟೆಗೆ ಮಷೀನ್ ಬಂದಿದೆ. ರೊಟ್ಟಿ ಮಾತ್ರ ಬಿಡಲೊಲ್ಲಳು :-) ಎಡಗೈಯ ಜೋಮು ಬಹಳ ಕಡಿಮೆಯಾಗಿದೆ. ಬಲಗೈಗೆ ಮುಂದಿನ ತಿಂಗಳು ಆಪರೇಷನ್. ನಾನು ರಜೆ ಹಾಕಿದ್ದೇನೆ.

ಇದನ್ನು ಓದಿದವರು ಒಂದು ಕೆಲಸ ಮಾಡಿ. ಇವತ್ತು ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ರಾತ್ರಿ ಕೈ ಜೋಮು ಹಿಡಿಯುತ್ತಾ ಅಂತಲೂ ಕೇಳಿ. "ಏನಿಲ್ಲ" ಅಂದರೆ ಇನ್ನೊಂದು ಸಲ ಕೇಳಿ.