ಪರ್ಸೆಫೊನಿಗೂ ಒಂದು ಆಟಿ

ಮದುವೆಯಾದ ಮೊದಲ ಮಳೆಗಾಲದಲ್ಲಿ ನಾನು ರಾತ್ರಿ ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ಒಂದು ಪ್ರೇಮಕತೆ ಓದುತ್ತಿದ್ದೆ. ನ್ಯೂಜಿಲೆಂಡಿನ ರೇಚೆಲ್ ಸ್ಮೈತ್ ಬರೆದ ‘ಲೋರ್ ಒಲಿಂಪಸ್’. 2018ರಲ್ಲಿ ಶುರುವಾಗಿ 2024ರಲ್ಲಿ ಮುಗಿದ ವೆಬ್ ಕಾಮಿಕ್. ಗ್ರೀಕ್ ಪುರಾಣದ ಪಾತಾಳದ ಅರಸ ಹೇಡೀಸ್ ಅದರಲ್ಲಿ ನೀಲಿ ಮೈಯವ, ಸೂಟು ಹಾಕುವವ. ವಸಂತದ ದೇವತೆ ಪರ್ಸೆಫೊನಿ ಗುಲಾಬಿ ಮೈಯವಳು. ಅವನಿಗೊಂದು ಕಂಪನಿ ಉಂಟು, ಅವಳಲ್ಲಿ ಇಂಟರ್ನ್! ಬೆರಳಿನಿಂದ ಜಾರಿಸುತ್ತಾ ಹೋದರಾಯ್ತು, ಮುಗಿಯುವುದೇ ಇಲ್ಲ.

ಪಕ್ಕದಲ್ಲಿ ಗಂಡ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ನಮಗೆ ಮಾತು ಬಿಟ್ಟು ಕೆಲವು ದಿನ ಆಗಿತ್ತು.

ಕತೆಯಲ್ಲಿ ನನಗೆ ಸಿಟ್ಟು ಬರುತ್ತಿದ್ದದ್ದು ಪರ್ಸೆಫೊನಿಯ ಅಮ್ಮ ಡಿಮೀಟರ್ ಮೇಲೆ. ಮಗಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕೆನ್ನುವ ಅಮ್ಮ. ಬಿಡಬಾರದಾ ಅವಳನ್ನು ಅವಳ ಪಾಡಿಗೆ, ಅಂತ ಅನ್ನಿಸುತ್ತಿತ್ತು.

ಅದೇ ವಾರ ನನ್ನ ಅಮ್ಮನ ಫೋನ್ ಬಂತು. “ಆಟಿ ಕುಳ್ಳರೆ ಬರ್ಪನಾ?”

ತುಳುನಾಡಿನ ಹೊರಗಿನವರಿಗೆ ಹೇಳಬೇಕು. ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು. ಹೊಸ ಮದುಮಗಳು ಆ ತಿಂಗಳು ತವರಿಗೆ ಬಂದು ಕೂರುವುದೇ ಆಟಿ ಕುಳ್ಳುನು. ಘಟ್ಟದ ಮೇಲಿನವರ ಆಷಾಢದ ಹಾಗೆಯೇ. ಹಿಂದೆ ಆಟಿ ಅಂದರೆ ಬಿಡದ ಮಳೆ, ಖಾಲಿಯಾಗುತ್ತಾ ಬಂದ ಭತ್ತದ ಕಣಜ, ಗುಡ್ಡದಿಂದ ಕಿತ್ತು ತಂದ ತಜಂಕಿನ ಸೊಪ್ಪು. ಜೀವಂತ ಇರುವವರ ಮದುವೆ ಆ ತಿಂಗಳು ನಡೆಯುವುದಿಲ್ಲ. ಆದರೆ ಸಣ್ಣ ಪ್ರಾಯದಲ್ಲಿ ತೀರಿಹೋದವರಿಗೆ ಎರಡು ಮನೆಯವರು ಕೂತು ಜೋಡಿ ಹುಡುಕಿ, ಸೀರೆ ಧೋತಿ ಇಟ್ಟು ಮಾಡುವ ಕುಲೆ ಮದಿಮೆ, ಅಂದರೆ ಪ್ರೇತಗಳ ಮದುವೆ, ನಡೆಯುವುದು ಆಟಿಯಲ್ಲೇ. ಪಾತಾಳದ ದಾಂಪತ್ಯ ನಮಗೇನೂ ಹೊಸತಲ್ಲ ಮಾರಾಯ್ರೆ.

ನಾನು ಅಮ್ಮನಿಗೆ ನಗಾಡಿದೆ. ಅವಳ ಮನೆ ಶಕ್ತಿನಗರ, ನಮ್ಮ ಫ್ಲಾಟ್ ಕೊಟ್ಟಾರ ಚೌಕಿ. ಅದೇ ಊರಲ್ಲಿ ಇದ್ದುಕೊಂಡು ತವರಿಗೆ ಹೋಗಿ ಕೂರುವುದೆಂದರೆ ಎಂತ? (ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನಿಲ್ಲುವ ನೀರು ನೋಡಿದರೆ ನಮ್ಮದು ಪಾತಾಳವೇ ಅನ್ನಬಹುದು, ಅದು ಬೇರೆ ವಿಷಯ.) ಹೆಂಡತಿಯನ್ನು ಪಾರ್ಸೆಲ್ ಹಾಗೆ ಅತ್ತಿತ್ತ ಕಳಿಸುವ ಪದ್ಧತಿ ನನಗೆ ಬೇಡ ಅಂತ ಸಣ್ಣ ಭಾಷಣವನ್ನೂ ಕೊಟ್ಟೆ. ಅಮ್ಮ “ಆಯ್ತು ಬಿಡು” ಅಂದಳು.

ಆಟಿ ಅಮಾವಾಸ್ಯೆಗೆ ಮಾತ್ರ ಇಬ್ಬರೂ ಹೋದೆವು. ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ಕೆತ್ತೆಯ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿಯಬೇಕು. ನಾವು ತಲುಪುವಾಗ ಹತ್ತು ಗಂಟೆ, ಕಾಫಿ ಬೇರೆ ಕುಡಿದಾಗಿತ್ತು. ಅಮ್ಮ ಎರಡು ಲೋಟ ಮುಚ್ಚಿಟ್ಟಿದ್ದಳು. ಹನ್ನೊಂದೂವರೆಗೆ ನನಗೆ ಕಾಲ್ ಇತ್ತು. ಪತ್ರೊಡೆ ಡಬ್ಬಿಗೆ ಹಾಕಿಸಿಕೊಂಡು ಹೊರಟೆವು.

ಡಿಮೀಟರ್ ಮೇಲಿನ ಹೋಮರನ ಹೆಸರಿನ ಸ್ತೋತ್ರದ ಇಂಗ್ಲಿಷ್ ಅನುವಾದ ನನ್ನ ಕೈಗೆ ಸಿಕ್ಕಿದ್ದು ಎಷ್ಟೋ ಸಮಯದ ನಂತರ. ಪರ್ಸೆಫೊನಿಯ ಕತೆಗೆ ಹಳೆಯ ಮೂಲ ಅದೇ. ಐನೂರರ ಹತ್ತಿರ ಸಾಲು. ಪ್ರೇಮ ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದು ಬರೀ ಅಮ್ಮ. ಹೂ ಕೊಯ್ಯುತ್ತಿದ್ದ ಹುಡುಗಿಯನ್ನು ಹೇಡೀಸ್ ರಥದಲ್ಲಿ ಎತ್ತಿಕೊಂಡು ಹೋಗುತ್ತಾನೆ. ಅಪ್ಪ ಜ್ಯೂಸ್ ಒಪ್ಪಿ ಆಗಿದೆ, ಅಮ್ಮನಿಗೆ ಯಾರೂ ಹೇಳಿಲ್ಲ. ಒಂಬತ್ತು ದಿನ ದೀವಟಿಗೆ ಹಿಡಿದು ಅನ್ನ ನೀರು ಬಿಟ್ಟು ಹುಡುಕುತ್ತಾಳೆ. ಕೊನೆಗೆ ಭೂಮಿಯಲ್ಲಿ ಬೀಜ ಮೊಳೆಯದ ಹಾಗೆ ಮಾಡುತ್ತಾಳೆ. ಆಗ ದೇವರುಗಳಿಗೆ ಬಿಸಿ ಮುಟ್ಟುತ್ತದೆ.

ಮಗಳು ಮರಳಿ ಬಂದು ಅಪ್ಪಿಕೊಂಡಾಗ ಅಮ್ಮನಿಗೆ ಏನೋ ಸಂಶಯ. ಅವಳು ಕೇಳುವ ಮೊದಲ ಪ್ರಶ್ನೆ: ಅಲ್ಲಿ ಏನಾದರೂ ತಿಂದೆಯಾ? ತಿಂದಿದ್ದಾಳೆ, ದಾಳಿಂಬೆಯ ಒಂದು ಬೀಜ. ಹಾಗಾಗಿ ವರ್ಷದ ಮೂರನೇ ಒಂದು ಭಾಗ ಪಾತಾಳದಲ್ಲಿ, ಉಳಿದದ್ದು ಅಮ್ಮನ ಹತ್ತಿರ.

ಅದನ್ನು ಓದಿ ಮೊಬೈಲ್ ಕೆಳಗಿಟ್ಟೆ. ಇಷ್ಟು ದಿನ ಓದಿದ ಕತೆಯಲ್ಲಿ ಅಡ್ಡಿ ಅಂತ ಕಂಡವಳೇ ಇಲ್ಲಿ ಕತೆ. ಹೊಸ ಕಾಲದವರು ಪರ್ಸೆಫೊನಿಗೆ ಒಂದು ಮನಸ್ಸು, ಒಂದು ಆಯ್ಕೆ ಕೊಟ್ಟದ್ದು ಒಳ್ಳೆಯದೇ, ಎತ್ತಿಕೊಂಡು ಹೋದದ್ದನ್ನು ಮದುವೆ ಅನ್ನುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಹಾಗೆ ಮಾಡುವಾಗ ಕೇಳುವವಳನ್ನು ದೂರ ಮಾಡಿದರು. ನಾನೂ ಮಾಡಿದ್ದೆ.

ಈ ವರ್ಷ, ಮದುವೆಯ ನಂತರದ ಮೂರನೇ ಆಟಿಗೆ, ಲ್ಯಾಪ್‌ಟಾಪ್ ಹಿಡಿದುಕೊಂಡು ಅಮ್ಮನ ಮನೆಗೆ ಹೋದೆ. “ಅದು ಮೊದಲ ವರ್ಷದ್ದು ಮಾರಾಯ್ತಿ, ಈಗ ಎಂತ ಆಟಿ?” ಅಂತ ನಗಾಡಿದಳು. ಹಾಸಿಗೆ ಹಾಸಿದಳು.

ಮೂರನೇ ರಾತ್ರಿ ಕರೆಂಟು ಹೋಗಿತ್ತು. ಅವಳ ಮೊದಲ ಆಟಿಯ ವಿಷಯ ಕೇಳಿದೆ. ಅಜ್ಜಿ ದಿನಾ ಕಡೆಯುವ ಕಲ್ಲಿನ ಎದುರು ಕೂರಿಸಿಕೊಂಡು, ಮುಖ ನೋಡದೆ, ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ: ಹೇಗಿದ್ದಾನೆ? ಮೊದಲ ವಾರ ಅಮ್ಮ “ಒಳ್ಳೆಯವರು” ಅಂತಲೇ ಹೇಳಿದಳಂತೆ. “ಹೇಳಲಿಕ್ಕೆ ಶುರು ಮಾಡಿದ್ದು ಎರಡನೇ ವಾರ,” ಅಂದಳು. ಏನು ಹೇಳಿದಳೆಂದು ನಾನು ಕೇಳಲಿಲ್ಲ. ಅಪ್ಪ ಈಗ ಇಲ್ಲ.

ಆಮೇಲೆ ನನ್ನದು ಹೇಳಿದೆ. ಆ ಮೊದಲ ಮಳೆಗಾಲದಲ್ಲಿ, ನಾನು ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ದುಡ್ಡಿನ ಬಗ್ಗೆ ಗಂಡ ಒಂದು ಮಾತು ಆಡಿದ್ದು, ಹನ್ನೊಂದು ದಿನ ಮಾತು ಬಿಟ್ಟದ್ದು, ಕೊನೆಗೆ ಅವನೇ ಬಂದು ತಪ್ಪಾಯ್ತು ಅಂದದ್ದು.

“ಗೊತ್ತಿತ್ತು,” ಅಂದಳು. “ದುಡ್ಡಿನ ವಿಷಯ ಅಂತ ಗೊತ್ತಿರಲಿಲ್ಲ. ಅಮಾವಾಸ್ಯೆಯ ದಿನ ಪತ್ರೊಡೆ ಮುಟ್ಟಲೇ ಇಲ್ಲ ನೀನು, ಎಲ್ಲ ಡಬ್ಬಿಗೆ ಹಾಕಿಸಿಕೊಂಡೆ.”

“ಮತ್ತೆ ಕೇಳಲಿಲ್ಲ ಯಾಕೆ?”

“ನಿನಗೆ ಕಾಲ್ ಇತ್ತಲ್ಲ.”

ಹತ್ತು ದಿನ ಇದ್ದೆ, ತಿಂಗಳು ಆಗಲಿಲ್ಲ. ಕರೆದುಕೊಂಡು ಹೋಗಲಿಕ್ಕೆ ಗಂಡ ಬಂದಾಗ ಮಳೆ ಧೋ ಅನ್ನುತ್ತಿತ್ತು. ಬಾಗಿಲಲ್ಲೇ ನಿಂತು ತಲೆ ಒರೆಸಿಕೊಳ್ಳುತ್ತಿದ್ದವನನ್ನು ಅಮ್ಮ ಸ್ವಲ್ಪ ಹೊತ್ತು ನೋಡಿದಳು. ದುಡ್ಡಿನ ವಿಷಯ ಈಗ ಅವಳಿಗೆ ಗೊತ್ತು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ಎದೆ ಡವಡವ.

“ಮೆಂತೆ ಗಂಜಿ ಉಂಟು,” ಅಂದಳು ಅಮ್ಮ. “ಕೂತುಕೋ, ಬಡಿಸುತ್ತೇನೆ.”