ಉದ್ಯೋಗ ಎಂಬ ಕಾಲಂ

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾನು ಅಮೆರಿಕದ ನ್ಯೂ ಜೆರ್ಸಿಯಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮೊಮ್ಮಗಳು ಅನನ್ಯಾ ಅಲ್ಲಿ ಏಳನೇ ತರಗತಿ. ಆ ದೇಶದ ಶಾಲೆಗಳಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ, ಸ್ಪ್ಯಾನಿಷ್ ಮಾತನಾಡುವ ನಾಡುಗಳಿಂದ ಬಂದು ನೆಲೆಸಿದವರನ್ನು ನೆನೆಯುವ ತಿಂಗಳು. ಕ್ಯೂಬಾ, ಮೆಕ್ಸಿಕೊ, ವೆನೆಜುವೆಲಾ ಮುಂತಾದ ಕಡೆಯ ಮೂಲದ ಹೆಣ್ಣುಮಕ್ಕಳಿಗೆ ಅಲ್ಲಿ ‘ಲ್ಯಾಟಿನಾ’ ಎನ್ನುತ್ತಾರೆ. ಅಂಥ ಒಬ್ಬರ ಬಗ್ಗೆ ಪ್ರತಿ ಮಗುವೂ ಚಾರ್ಟ್ ಮಾಡಿಕೊಂಡು ಹೋಗಬೇಕಿತ್ತು. ಅನನ್ಯಾ ಆರಿಸಿಕೊಂಡಿದ್ದು ಇಸಬೆಲ್ ಟೊಲೆಡೊ ಎಂಬ ಉಡುಪು ವಿನ್ಯಾಸಕಿಯನ್ನು.

“ಬಟ್ಟೆ ಹೊಲಿಯೋರ ಮೇಲೆ ಪ್ರಾಜೆಕ್ಟಾ? ಯಾರಾದರೂ ವಿಜ್ಞಾನಿ ಸಿಗಲಿಲ್ವೇನೇ?” ಅಂದುಬಿಟ್ಟೆ.

“ಯಾಕೆ ತಾತ? ಹೊಲಿಯೋದು ಕೆಲಸ ಅಲ್ವಾ?” ಅಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಆ ಭಾನುವಾರ ಅವಳ ಜೊತೆ ಹೊರಟೆ.

ಇಸಬೆಲ್ ಬೆಳೆದ ಊರಿನ ಹೆಸರು ವೆಸ್ಟ್ ನ್ಯೂಯಾರ್ಕ್. ಹೆಸರು ಹಾಗಿದ್ದರೂ ಊರು ಇರುವುದು ನ್ಯೂ ಜೆರ್ಸಿಯಲ್ಲಿ. ಹಡ್ಸನ್ ನದಿಯ ಈ ದಡದಲ್ಲಿ ನಿಂತರೆ ಆ ದಡದಲ್ಲಿ ಮ್ಯಾನ್‌ಹಟನ್ನಿನ ಗಗನಚುಂಬಿಗಳು ಕಾಣುತ್ತವೆ. ಅಲ್ಲಿನ ಬರ್ಗನ್‌ಲೈನ್ ಅವೆನ್ಯೂ ಎಂಬ ಉದ್ದನೆಯ ಪೇಟೆಬೀದಿಯಲ್ಲಿ ಬೋರ್ಡುಗಳೆಲ್ಲ ಸ್ಪ್ಯಾನಿಷ್‌ನಲ್ಲೇ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾದ ಮೇಲೆ ಊರು ಬಿಟ್ಟು ಬಂದ ಸಾವಿರಾರು ಕುಟುಂಬಗಳು ಇಲ್ಲಿ ನೆಲೆ ನಿಂತವು. ಕ್ಯೂಬಾದ ಕಾಮಾಹುವಾನಿ ಎಂಬ ಊರಿನಲ್ಲಿ ಹುಟ್ಟಿದ ಇಸಬೆಲ್ ಕೂಡ ಹೀಗೇ ಬಾಲ್ಯದಲ್ಲೇ ಇಲ್ಲಿಗೆ ಬಂದವರು.

ಈ ಸೀಮೆಗೂ ಸೂಜಿದಾರಕ್ಕೂ ಹಳೆಯ ನಂಟು. ವೆಸ್ಟ್ ನ್ಯೂಯಾರ್ಕ್, ಅದರ ಪಕ್ಕದ ಯೂನಿಯನ್ ಸಿಟಿ ಒಂದು ಕಾಲಕ್ಕೆ ಕಸೂತಿ ಕಾರ್ಖಾನೆಗಳಿಗೆ ಹೆಸರುವಾಸಿ. ಅಲ್ಲಿದ್ದದ್ದು ‘ಶಿಫ್ಲಿ’ ಎಂಬ ದೊಡ್ಡ ಯಂತ್ರಗಳು. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಕಂಡುಹಿಡಿದದ್ದು. ಶಿಫ್ಲಿ ಎಂದರೆ ಅವರ ಭಾಷೆಯಲ್ಲಿ ಪುಟ್ಟ ದೋಣಿ. ಯಂತ್ರದೊಳಗೆ ದಾರ ಹೊತ್ತು ಓಡಾಡುವ ಲಾಳಿ ದೋಣಿಯ ಆಕಾರದಲ್ಲಿದ್ದುದರಿಂದ ಆ ಹೆಸರು. ಮಕ್ಕಳೇ, ನಿಮ್ಮೂರಲ್ಲಿ ಕೈಮಗ್ಗವಿದ್ದರೆ ಲಾಳಿಯನ್ನೊಮ್ಮೆ ನೋಡಿ. ಅದೂ ದೋಣಿಯಂತೆಯೇ ಇರುತ್ತದೆ.

ಇಸಬೆಲ್ ಚಿಕ್ಕಂದಿನಲ್ಲೇ ಹೊಲಿಗೆ ಕಲಿತರು. ನ್ಯೂಯಾರ್ಕಿನಲ್ಲಿ ಫ್ಯಾಷನ್ ಕಲಿಸುವ ಕಾಲೇಜುಗಳಿಗೂ ಹೋದರು. ಆದರೆ ನಿಜವಾದ ಪಾಠ ಸಿಕ್ಕಿದ್ದು ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಉಡುಪು ವಿಭಾಗದಲ್ಲಿ. ಡಯಾನಾ ವ್ರೀಲ್ಯಾಂಡ್ ಎಂಬ ಹಿರಿಯರ ಕೈಕೆಳಗೆ, ದೊಡ್ಡ ದೊಡ್ಡ ವಿನ್ಯಾಸಕರ ಹಳೆಯ ಉಡುಪುಗಳ ನಡುವೆ ಕೆಲಸ. ಯಾವ ತುಂಡು ಎಲ್ಲಿ ಕೂಡುತ್ತದೆ, ಮಡಿಕೆ ಹೇಗೆ ನಿಲ್ಲುತ್ತದೆ ಎಂಬುದನ್ನು ಬಟ್ಟೆಯ ಒಳಮಗ್ಗುಲಿನಿಂದ ಕಲಿಯುವ ಅವಕಾಶ. ಆಕೆಗೆ ಚಿತ್ರ ಬರೆದು ಉಡುಪು ಕಲ್ಪಿಸುವ ಅಭ್ಯಾಸವಿರಲಿಲ್ಲ. ಮನಸ್ಸಿನಲ್ಲಿದ್ದುದನ್ನು ಬಾಯಲ್ಲಿ ಹೇಳುತ್ತಿದ್ದರು, ಪತಿ ರೂಬೆನ್ ಬರೆಯುತ್ತಿದ್ದರು. ರೂಬೆನ್ ಕೂಡ ಕ್ಯೂಬಾದಿಂದ ಬಂದವರು, ಶಾಲೆಯಲ್ಲಿ ಜೊತೆಗೆ ಓದಿದವರು.

2009ರ ಜನವರಿ 20. ಬರಾಕ್ ಒಬಾಮಾ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡ ದಿನ. ವಾಷಿಂಗ್ಟನ್ನಿನಲ್ಲಿ ಮೈಕೊರೆಯುವ ಚಳಿ. ಪಕ್ಕದಲ್ಲಿ ಬೈಬಲ್ ಹಿಡಿದು ನಿಂತಿದ್ದ ಮಿಷೆಲ್ ಒಬಾಮಾ ಅವರು ತೊಟ್ಟಿದ್ದ ಉಡುಪು, ಮೇಲಂಗಿ ಎರಡೂ ಇಸಬೆಲ್ ಟೊಲೆಡೊ ಮಾಡಿದ್ದು. ಬಣ್ಣ, ನಾವು ಕಷಾಯಕ್ಕೆ ಹಾಕುವ ಮಜ್ಜಿಗೆ ಹುಲ್ಲಿನದು. ಬಟ್ಟೆ ಉಣ್ಣೆಯ ಲೇಸು. ಅದು ಬಂದದ್ದು ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ನಿಂದ, ಶಿಫ್ಲಿ ಯಂತ್ರ ಹುಟ್ಟಿದ ಸೀಮೆಯಿಂದ! ಅಂದು ಪ್ರಪಂಚವೆಲ್ಲ ಆ ಉಡುಪನ್ನು ನೋಡಿತು. ಟಿ.ವಿ.ಯಲ್ಲಿ ನಾನೂ ನೋಡಿದ್ದೆ. ಯಾರು ಹೊಲಿದರು ಎಂದು ಕೇಳಿಕೊಂಡಿರಲಿಲ್ಲ.

ಅನನ್ಯಾಳ ಚಾರ್ಟಿನಲ್ಲಿ ಇನ್ನೊಬ್ಬರಿದ್ದರು, ವೆನೆಜುವೆಲಾದ ಕೆರೋಲಿನಾ ಹೆರೇರಾ. ಇವರದು ಸಿರಿವಂತ ಮನೆತನ. ನಾಲ್ಕು ಹೆಣ್ಣುಮಕ್ಕಳ ತಾಯಿ. 1981ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮ ಮೊದಲ ಉಡುಪುಗಳನ್ನು ತೋರಿಸಿದಾಗ ವಯಸ್ಸು 42. ಆ ವಯಸ್ಸಿಗೆ ನಾವು ಬ್ಯಾಂಕಿನಲ್ಲಿ ಪೆನ್ಷನ್ನಿಗೆ ಇನ್ನೆಷ್ಟು ವರ್ಷ ಎಂದು ಬೆರಳೆಣಿಸುತ್ತಿದ್ದೆವು. ಉಡುಪು ಮಾಡಿ ನೋಡು ಎಂದು ಇವರಿಗೆ ಹುರಿದುಂಬಿಸಿದವರೂ ಅದೇ ಡಯಾನಾ ವ್ರೀಲ್ಯಾಂಡ್. ಜಾಕ್ವೆಲಿನ್ ಕೆನಡಿ ಒನಾಸಿಸ್ ಅಂಥವರಿಗೆ ಉಡುಪು ಮಾಡಿಕೊಟ್ಟ ಹೆರೇರಾ, 2018ರಲ್ಲಿ ತಮ್ಮ 79ನೇ ವಯಸ್ಸಿನಲ್ಲಿ ವಿನ್ಯಾಸದ ಹೊಣೆಯನ್ನು ಕಿರಿಯರಿಗೆ ಒಪ್ಪಿಸಿದರು.

ಚಾರ್ಟಿನ ಕೆಳಗೆ ಒಂದು ಚೌಕ ಖಾಲಿ ಇತ್ತು.

“ಇಲ್ಲಿ ಯಾರು?” ಎಂದೆ.

“ಪೋರ್ಟೊರಿಕೊ ಹೆಂಗಸರು ತಾತ. ಎರಡನೇ ಮಹಾಯುದ್ಧ ಆದ್ಮೇಲೆ ಸಾವಿರಾರು ಜನ ನ್ಯೂಯಾರ್ಕಿಗೆ ಬಂದು ಗಾರ್ಮೆಂಟ್ ಫ್ಯಾಕ್ಟರಿಲಿ ಮಿಷನ್ ತುಳಿದ್ರು. ಅಂಗಡೀಲಿ ಮಾರ್ತಿದ್ದ ಎಷ್ಟೊಂದು ಬಟ್ಟೆ ಅವರು ಹೊಲಿದಿದ್ದು. ಆದ್ರೆ ಒಬ್ರದ್ದೂ ಹೆಸರು ಸಿಗ್ತಿಲ್ಲ. ಹೆಸರಿಲ್ದೆ ಏನಂತ ಬರೀಲಿ?”

ನನಗೆ ನನ್ನಕ್ಕ ನೆನಪಾದಳು.

ಅರಸೀಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಅಕ್ಕನ ಹೊಲಿಗೆ ಮಿಷನ್ ಇತ್ತು. ಅಪ್ಪ ತೀರಿಕೊಂಡ ಮೇಲೆ ರವಿಕೆ, ಲಂಗ, ಮಕ್ಕಳ ಯೂನಿಫಾರಂ ಹೊಲಿದು ಸಂಸಾರ ನಡೆಸಿದವಳು ಅವಳೇ. ನನ್ನ ಬಿ.ಕಾಂ. ಫೀಸು ಕಟ್ಟಿದ್ದು ಆ ಮಿಷನ್ನೇ. ದೀಪಾವಳಿ, ಯುಗಾದಿ ಬಂದರೆ ರಾತ್ರಿ ಹನ್ನೆರಡಾದರೂ ಪೆಡಲಿನ ಸದ್ದು ನಿಲ್ಲುತ್ತಿರಲಿಲ್ಲ. ಆ ಸದ್ದಿಗೇ ನಾನು ಅಕೌಂಟೆನ್ಸಿ ಓದಿಕೊಂಡೆ.

ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. 1978ರಲ್ಲಿ ಅಕ್ಕನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಸಿದೆ. ಅರ್ಜಿ ತುಂಬಿದ್ದು ನಾನೇ. ಹೆಸರು, ವಿಳಾಸ ಬರೆದೆ. ‘ಉದ್ಯೋಗ’ ಎಂಬ ಕಾಲಂ ಬಂದಾಗ ಒಂದು ಕ್ಷಣವೂ ಯೋಚಿಸದೆ ‘ಗೃಹಿಣಿ’ ಎಂದು ಬರೆದೆ. ಅಕ್ಕ ಮದುವೆಯನ್ನೇ ಆಗಿರಲಿಲ್ಲ! ಅವಳು ಓದಿ ನೋಡಿ, ಏನೂ ಹೇಳದೆ ಸಹಿ ಮಾಡಿದಳು. ‘ದರ್ಜಿ’ ಎಂದು ಬರೆಯಲು ನನಗೆ ಏನಾಗಿತ್ತು? ಸಹೋದ್ಯೋಗಿಗಳು ನೋಡುತ್ತಾರೆಂಬ ನಾಚಿಕೆ, ಅಷ್ಟೇ. ಆ ಖಾತೆಗೆ ಅವಳು ಕಟ್ಟುತ್ತಿದ್ದ ಐದು, ಹತ್ತು ರೂಪಾಯಿಯೆಲ್ಲ ಹೊಲಿಗೆಯಿಂದಲೇ ಬಂದದ್ದು.

ಇದನ್ನು ಅನನ್ಯಾಗೆ ಹೇಳಿದೆ. ಅವಳು ಬೈಯಲಿಲ್ಲ. ಚಾರ್ಟಿನ ಮೇಲೆ ಬೆರಳಿಟ್ಟು ಒಂದು ಸಾಲು ತೋರಿಸಿದಳು. ಇಸಬೆಲ್ ಟೊಲೆಡೊ ಇಷ್ಟು ದೊಡ್ಡ ಹೆಸರು ಮಾಡಿದ ಮೇಲೂ ತಮ್ಮನ್ನು ಫ್ಯಾಷನ್ ಡಿಸೈನರ್ ಎಂದುಕೊಳ್ಳುತ್ತಿರಲಿಲ್ಲವಂತೆ. ನಾನು ಹೊಲಿಯುವವಳು ಎನ್ನುತ್ತಿದ್ದರಂತೆ. 2019ರಲ್ಲಿ ಆಕೆ ತೀರಿಕೊಂಡರು. ಕೊನೆಯವರೆಗೂ ಆಕೆಗೆ ಆ ಪದ ಸಣ್ಣದೆನಿಸಲಿಲ್ಲ. ಒಂದು ದಿನವೂ ಸೂಜಿ ಹಿಡಿಯದ ನನಗೆ ಅನಿಸಿತ್ತು.

ಖಾಲಿ ಚೌಕದಲ್ಲಿ ಅನನ್ಯಾ ಕೊನೆಗೆ ಯಾರ ಹೆಸರನ್ನೂ ಬರೆಯಲಿಲ್ಲ. ಹಳೆಯ ಬಟ್ಟೆಯ ಒಂದು ತುಂಡನ್ನು ಒಳಮಗ್ಗುಲು ಕಾಣುವಂತೆ ಅಂಟಿಸಿದಳು. ಹೊಲಿಗೆ ಎದ್ದು ಕಾಣುತ್ತಿತ್ತು.

ಊರಿಗೆ ವಾಪಸು ಬಂದ ಮೇಲೆ ಒಂದು ದಿನ, ಅಕ್ಕನ ಖಾತೆಯ ಕೆವೈಸಿ ಹೊಸದಾಗಿ ಕೊಡಬೇಕೆಂದು ಬ್ಯಾಂಕಿನಿಂದ ಮೆಸೇಜು ಬಂತು. ಅಕ್ಕನಿಗೆ ಈಗ 83. ಅರ್ಜಿ ತೆಗೆದುಕೊಂಡು ಅರಸೀಕೆರೆಗೆ ಹೋದೆ. ಅದೇ ಪಡಸಾಲೆ, ಅದೇ ಕಿಟಕಿ. ಮಿಷನ್ ಮೇಲೆ ಈಗ ಒಂದು ಹಳೆಯ ಟವೆಲ್ಲು ಹೊದಿಸಿದೆ.

‘ಉದ್ಯೋಗ’ ಕಾಲಂ ಬಂತು. “ಅಕ್ಕಾ, ಇಲ್ಲಿ ದರ್ಜಿ ಅಂತ ಬರೀತೀನಿ” ಎಂದೆ. ನನ್ನ ಗಂಟಲು ಸ್ವಲ್ಪ ಕಟ್ಟಿತ್ತು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಅರ್ಜಿ ನೋಡಿದಳು. ನಲವತ್ತೇಳು ವರ್ಷದ ಹಿಂದಿನ ಅರ್ಜಿ ಅವಳಿಗೂ ಮರೆತಿರಲಿಲ್ಲ ಎಂದು ಆ ನೋಟದಲ್ಲೇ ತಿಳಿಯಿತು.

“ಈಗ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ ಕಣೋ. ಸುಳ್ಳು ಯಾಕೆ ಬರೀತೀಯ? ನೀನೊಬ್ಬನೇ ಏನು ರಿಟೈರ್ಡು? ನಿವೃತ್ತ ದರ್ಜಿ ಅಂತ ಬರಿ” ಎಂದಳು.

ಹಾಗೇ ಬರೆದೆ.