ಒಂದು ಸ್ವರಲಿಪಿ, ಹಲವು ಕೈಗಳು

ಪ್ರಾಚೀನ ಕಾವ್ಯವೊಂದನ್ನು ಪರಿಷ್ಕರಿಸಲು ಹೊರಟ ವಿದ್ವಾಂಸನು ಒಂದೇ ಓಲೆಯ ಪ್ರತಿಯನ್ನು ನಂಬಿ ಕೂಡುವುದಿಲ್ಲ. ಮೂರು ನಾಲ್ಕು ಪ್ರತಿಗಳನ್ನು ಸಂಪಾದಿಸಿ, ಪದ್ಯಕ್ಕೆ ಪದ್ಯವನ್ನು ಹೊಂದಿಸಿ, ಎಲ್ಲಿ ಅಕ್ಷರ ಬದಲಾಗಿದೆ, ಎಲ್ಲಿ ಛಂದಸ್ಸು ಎಡವಿದೆ ಎಂದು ಪರಿಶೀಲಿಸುತ್ತಾನೆ. ಪಾಠಾಂತರಗಳ ನಡುವೆ ಕವಿಹೃದಯವನ್ನು ಅರಸುವುದೇ ಅವನ ಶ್ರಮದ ಗುರಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದೇ ಕೃತಿಯನ್ನು ಹಲವು ಧ್ವನಿಮುದ್ರಿಕೆಗಳಲ್ಲಿ ಕೇಳಿ ತೂಗಿ ನೋಡುವ ರಸಿಕನ ಕಾರ್ಯವೂ ಬಹುಮಟ್ಟಿಗೆ ಇಂಥದೇ.

ಆ ಸಂಗೀತದಲ್ಲಿ ಕಾನ್ಚೆರ್ಟೊ ಎಂಬುದೊಂದು ಪ್ರಕಾರ. ಪಿಯಾನೊ, ಪಿಟೀಲು ಮೊದಲಾದ ಒಂದು ವಾದ್ಯವು ದೊಡ್ಡ ವಾದ್ಯವೃಂದದ ಎದುರು ನಿಂತು ನಡೆಸುವ ಸಂವಾದವೆಂದು ಅದನ್ನು ಸ್ಥೂಲವಾಗಿ ವರ್ಣಿಸಬಹುದು. ನಮ್ಮ ಕಚೇರಿಯಲ್ಲಿ ಗಾಯಕನು ಕೃತಿಯನ್ನು ಹಾಡಿ, ನೆರವಲು ಕಲ್ಪನಾಸ್ವರಗಳಲ್ಲಿ ತನ್ನ ಮನೋಧರ್ಮವನ್ನು ಮೆರೆಯುತ್ತಾನೆ. ಅಲ್ಲಿಯ ವಾದಕನಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಈಚಿನ ಶತಮಾನಗಳ ಕೃತಿಗಳಲ್ಲಂತೂ ಬಹುತೇಕ ಪ್ರತಿಯೊಂದು ಸ್ವರವನ್ನೂ ರಚನಕಾರನೇ ಬರೆದಿಟ್ಟಿರುತ್ತಾನೆ. ಹಾಗಾದರೆ ಒಬ್ಬನ ವಾದನಕ್ಕೂ ಇನ್ನೊಬ್ಬನ ವಾದನಕ್ಕೂ ಭೇದವೆಲ್ಲಿಯದು? ಕಾಲಪ್ರಮಾಣದಲ್ಲಿ, ಸ್ವರದ ಒತ್ತಿನಲ್ಲಿ, ವಿರಾಮದ ಅಳತೆಯಲ್ಲಿ, ವೃಂದವು ಯಾವಾಗ ಮುಂದೆ ಬರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ವಿವೇಕದಲ್ಲಿ. ಕುಮಾರವ್ಯಾಸನ ಒಂದೇ ಷಟ್ಪದಿಯನ್ನು ಇಬ್ಬರು ಗಮಕಿಗಳು ವಾಚಿಸಿದಾಗ, ಅಕ್ಷರವೊಂದೂ ಬದಲಾಗದೆ ಭಾವದ ಬಣ್ಣ ಬೇರೆಯಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಹೋಲಿಕೆಗೆ ಕನ್ನಡಿಗರು ಆರಿಸಿಕೊಳ್ಳಬಹುದಾದ ಅತ್ಯುತ್ತಮ ನಿದರ್ಶನವೆಂದರೆ ರಷ್ಯದ ನಿಕೊಲಾಯ್ ಮೆಟ್ನರ್ ಅವರ ಮೂರು ಪಿಯಾನೊ ಕಾನ್ಚೆರ್ಟೊಗಳು. 1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಮೆಟ್ನರರು ಶ್ರೇಷ್ಠ ಪಿಯಾನೊ ವಾದಕರೂ ಹೌದು, ರಚನಕಾರರೂ ಹೌದು. ಸುಪ್ರಸಿದ್ಧ ರಾಖ್ಮನಿನೋಫ್ ಅವರ ಆಪ್ತಮಿತ್ರರು. ರಾಖ್ಮನಿನೋಫರು ತಮ್ಮ ನಾಲ್ಕನೆಯ ಕಾನ್ಚೆರ್ಟೊವನ್ನು ಮೆಟ್ನರರಿಗೂ, ಮೆಟ್ನರರು ತಮ್ಮ ಎರಡನೆಯದನ್ನು ರಾಖ್ಮನಿನೋಫರಿಗೂ ಅರ್ಪಿಸಿದರು. ಆದರೆ ಮಿತ್ರನಿಗೊಲಿದ ಕೀರ್ತಿ ಮೆಟ್ನರರಿಗೆ ಒಲಿಯಲಿಲ್ಲ. 1921ರಲ್ಲಿ ತಾಯ್ನಾಡನ್ನು ತೊರೆದು, ಹಲವೆಡೆ ಅಲೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದರು. ಎರಡನೆಯ ಮಹಾಯುದ್ಧ ಆರಂಭವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನ ನಿಂತುಹೋಯಿತು. ಅವರ ಶಿಷ್ಯೆ, ಪಿಯಾನೊ ವಾದಕಿ ಎಡ್ನಾ ಐಲ್ಸ್ ಅವರ ಕುಟುಂಬದವರು ಆಶ್ರಯವಿತ್ತರು. 1942ರಲ್ಲಿ ಹೃದಯಾಘಾತವಾಯಿತು. ಇಷ್ಟರ ನಡುವೆಯೂ ಮೂರನೆಯ ಕಾನ್ಚೆರ್ಟೊ ಪೂರ್ಣಗೊಂಡು, 1944ರಲ್ಲಿ ಲಂಡನ್ನಿನಲ್ಲಿ ರಚನಕಾರರ ಕೈಯಿಂದಲೇ ಮೊದಲ ಬಾರಿಗೆ ನುಡಿಯಿತು. ಆದರೆ ಸಭೆಯಲ್ಲಿ ನುಡಿದ ನಾದ ಸಭೆ ಚದುರಿದೊಡನೆ ಗಾಳಿಯಲ್ಲಿ ಲೀನವಾಗುತ್ತದೆ. ಅದನ್ನು ಹಿಡಿದಿಡಬಲ್ಲ ಧ್ವನಿಮುದ್ರಣಕ್ಕೆ ದ್ರವ್ಯಬಲ ಬೇಕು. ಮಾರಾಟವಾಗದ ರಚನಕಾರನ ಮೇಲೆ ಹಣ ತೊಡಗಿಸುವ ವ್ಯಾಪಾರಿಗಳು ವಿರಳ.

ಆ ಬಲ ಒದಗಿದ್ದು ಮೈಸೂರಿನಿಂದ. ಶ್ರೀ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದು ನಾಡಿಗೆಲ್ಲ ತಿಳಿದ ವಿಷಯ. ಅವರು ಪಾಶ್ಚಾತ್ಯ ಸಂಗೀತವನ್ನೂ ಪಿಯಾನೊ ವಾದನವನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಇನ್ನೂ 30 ತುಂಬದ ಮಹಾರಾಜರು 1946ರಲ್ಲಿ, ಮೆಟ್ನರರ ಕೃತಿಗಳನ್ನು ಮೆಟ್ನರರಿಂದಲೇ ನುಡಿಸಿ ಮುದ್ರಿಸುವ ಯೋಜನೆಗೆ ಧನಸಹಾಯ ನೀಡಿ, ಮೆಟ್ನರ್ ಸೊಸೈಟಿಯ ಸ್ಥಾಪನೆಗೆ ಕಾರಣರಾದರು. 1947ರಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಮೂರು ಕಾನ್ಚೆರ್ಟೊಗಳೂ ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಯ ತಟ್ಟೆಗಳಿಗೆ ಇಳಿದವು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸಾಯ್ ದೊಬ್ರೊವೆನ್ ವೃಂದನಿರ್ದೇಶಕರು. ಪಿಯಾನೊದ ಮುಂದೆ ಕುಳಿತಿದ್ದವರು 67 ವರ್ಷದ, ಹೃದಯರೋಗದಿಂದ ಬಳಲಿದ ರಚನಕಾರರು. ನಾಲ್ಕು ವರ್ಷಗಳ ತರುವಾಯ, 1951ರ ನವೆಂಬರಿನಲ್ಲಿ, ಅವರು ತೀರಿಕೊಂಡರು.

ಮೆಟ್ನರರು ಗತಿಸಿದ ಮೇಲೆ ಈ ಕೃತಿಗಳು ಬಹುಕಾಲ ಮರೆಯಲ್ಲಿದ್ದವು. 1990ರ ದಶಕದ ಆದಿಯಲ್ಲಿ ನಿಕೊಲಾಯ್ ದೆಮಿದೆಂಕೊ, ಜೆಫ್ರಿ ಟೋಜರ್ ಮೊದಲಾದವರು ಅವನ್ನು ಹೊಸ ಧ್ವನಿಮುದ್ರಣಕ್ಕೆ ತಂದರು. 2017ರಲ್ಲಿ ಹೊರಬಂದ ಮುದ್ರಣದಲ್ಲಿ ಮಾರ್ಕ್ ಆಂದ್ರೆ ಹಾಮ್ಲಾ ಎರಡನೆಯ ಕಾನ್ಚೆರ್ಟೊವನ್ನು ರಾಖ್ಮನಿನೋಫರ ಮೂರನೆಯದರ ಜೊತೆಗೆ ನುಡಿಸಿದ್ದಾರೆ. ಇಬ್ಬರು ಮಿತ್ರರೂ ಒಂದೇ ಮುದ್ರಿಕೆಯಲ್ಲಿ ಮತ್ತೆ ಸೇರಿದಂತಾಯಿತು.

ಇನ್ನು ಎರಡನೆಯ ಕಾನ್ಚೆರ್ಟೊವನ್ನು ಮುಂದಿಟ್ಟುಕೊಂಡು ಕುಳಿತ ಕೇಳುಗನ ಅನುಭವವನ್ನು ನೋಡೋಣ. ಟೊಕಾಟ, ರೊಮಾನ್ಸಾ, ದಿವರ್ತಿಮೆಂಟೊ ಎಂದು ಅದರಲ್ಲಿ ಮೂರು ಭಾಗಗಳು. ದೆಮಿದೆಂಕೊ ಅವರ ಕೈಯಲ್ಲಿ ಟೊಕಾಟವು ಕಿಡಿ ಹಾರಿಸುತ್ತ ಮುನ್ನುಗ್ಗುತ್ತದೆ. ಹಾಮ್ಲಾ ಅವರ ಕೈಯಲ್ಲಿ ಅದೇ ಸ್ವರಸಂದಣಿ ತಿಳಿನೀರಿನ ತಳದ ಹರಳುಗಳಂತೆ ಒಂದೊಂದಾಗಿ ಕಾಣುತ್ತದೆ. ವೃಂದದ ಪ್ರತಿಯೊಂದು ಎಳೆಯೂ ಸ್ಪಷ್ಟ. ಇವೆರಡನ್ನು ಕೇಳಿದ ಕಿವಿಗೆ ರಚನಕಾರರ ಮುದ್ರಣ ಮೊದಲು ನಿರಾಶೆಯನ್ನೇ ತರಬಹುದು. ಸೂಜಿಯ ಕರಕರ ಸದ್ದು. ಮಬ್ಬಾಗಿ ಹಿಂದೆ ಸರಿದ ವೃಂದ. ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೂವರೆ ನಿಮಿಷದಷ್ಟೇ ಆದುದರಿಂದ ತುಂಡು ತುಂಡಾಗಿ ನುಡಿಸಬೇಕಾದ ನಿರ್ಬಂಧ. ಆದರೆ ಎರಡನೆಯ ಸಲ ಕೇಳುವಾಗ ಲಯದ ಬಿಗಿ ಗಮನಕ್ಕೆ ಬರುತ್ತದೆ. ರೊಮಾನ್ಸಾದಲ್ಲಿ ಇತರರು ನಿಂತು ನಿಟ್ಟುಸಿರಿಡಬಹುದಾದ ಕಡೆಗಳಲ್ಲಿ ಮೆಟ್ನರರು ನಿಲ್ಲುವುದಿಲ್ಲ. ಮಾತನ್ನು ಸರಳವಾಗಿ ಹೇಳಿ ಮುಂದೆ ಸಾಗುತ್ತಾರೆ. ತನ್ನ ದುಃಖವನ್ನು ತಾನೇ ಅಲಂಕರಿಸಲೊಲ್ಲದ ಹಿರಿಯನ ಸಂಯಮ ಅದು.

ಇಲ್ಲಿ ಕೇಳುಗನು ಎರಡು ಮೋಹಗಳಿಂದ ಎಚ್ಚರವಾಗಿರಬೇಕು. ಮೊದಲು ಕೇಳಿದ ಮುದ್ರಣವೇ ಸರಿಯೆಂದು ನಂಬುವುದು ಒಂದು ಮೋಹ. ಬಾಲ್ಯದಲ್ಲಿ ಒಬ್ಬರ ಬಾಯಲ್ಲಿ ಕೇಳಿದ ಪದ್ಯವನ್ನು ಬೇರೆ ರಾಗದಲ್ಲಿ ಕೇಳಿದೊಡನೆ ಅಪಸ್ವರವೆನ್ನಿಸುವುದು ಇದರಿಂದಲೇ. ರಚನಕಾರನು ನುಡಿಸಿದ್ದೇ ಕಡೆಯ ಪ್ರಮಾಣವೆಂದು ನಂಬುವುದು ಇನ್ನೊಂದು. ಕವಿಯ ಸ್ವಹಸ್ತಪ್ರತಿಯಲ್ಲಿಯೂ ಬರವಣಿಗೆಯ ಸ್ಖಾಲಿತ್ಯ ಇರಬಹುದು. ಮುಪ್ಪು, ಆಯಾಸ, ತಟ್ಟೆಯ ಅಳತೆ ಇವು ಮೆಟ್ನರರ ಕೈಯನ್ನೂ ಕಟ್ಟಿದ್ದಿರಬಹುದು. ಒಳ್ಳೆಯ ವ್ಯಾಖ್ಯಾನಕಾರನು ಕವಿಗೂ ಕಾಣದ ಸೊಬಗನ್ನು ಕಾಣಿಸಬಲ್ಲನೆಂಬುದನ್ನು ನಮ್ಮ ಪರಂಪರೆ ಎಂದೋ ಒಪ್ಪಿದೆ. ಹಾಮ್ಲಾ ಅವರು ಕಾಣಿಸುವ ಎಳೆಗಳು 1947ರ ಯಂತ್ರಕ್ಕೆ ಎಟುಕಿರಲಿಲ್ಲ. ಅವು ಸ್ವರಲಿಪಿಯಲ್ಲಿ ಇದ್ದೇ ಇದ್ದವು.

ಆದರೂ ಆ ಹಳೆಯ ಮುದ್ರಣವು ಇಲ್ಲದಿದ್ದರೆ ಹೋಲಿಕೆಗೆ ಆಧಾರವೇ ಇರುತ್ತಿರಲಿಲ್ಲ. ಪಂಪನು ತನ್ನ ಕಾವ್ಯವನ್ನು ಹೇಗೆ ಓದುತ್ತಿದ್ದನೆಂದು ನಾವು ಎಂದೆಂದಿಗೂ ಅರಿಯಲಾರೆವು. ಹರಿಹರನ ರಗಳೆಯ ಓಟವನ್ನು ಅವನ ಕಂಠದಲ್ಲಿ ಕೇಳಲಾರೆವು. ಮೆಟ್ನರರ ಕಾನ್ಚೆರ್ಟೊಗಳಿಗೂ ಅದೇ ಗತಿ ಬರುವುದರಲ್ಲಿತ್ತು. ಮಹಾರಾಜರ ನೆರವು ಕೆಲವೇ ವರ್ಷ ತಡವಾಗಿದ್ದರೆ ನುಡಿಸಲು ಮೆಟ್ನರರೇ ಇರುತ್ತಿರಲಿಲ್ಲ. ಕೃತಜ್ಞತೆಯಿಂದ ಅವರು ತಮ್ಮ ಮೂರನೆಯ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ದೊರೆತನ ಕಳೆದು, ಮಹಾರಾಜರೂ 1974ರಲ್ಲಿ ಕಾಲವಾದರು. ಅರ್ಪಣೆಯ ಸಾಲು ಮಾತ್ರ ಸ್ವರಲಿಪಿಯೊಡನೆ ಉಳಿದಿದೆ.

ದಾನಕ್ಕೆ ಪಾತ್ರ, ದೇಶ, ಕಾಲಗಳೆಂಬ ಮೂರನ್ನು ಹಿರಿಯರು ಹೇಳುತ್ತಾರೆ. ಪಾತ್ರನನ್ನು ಗುರುತಿಸಬಲ್ಲವರು ಹಲವರಿರುತ್ತಾರೆ; ಕಾಲವನ್ನು ಗುರುತಿಸುವವರು ಕಡಮೆ. ಈ ಕೃತಿಯನ್ನು ಪರಿಚಯ ಮಾಡಿಕೊಳ್ಳಬಯಸುವ ವಿದ್ಯಾರ್ಥಿಯು ಮೊದಲು ಇಂದಿನ ಸ್ಪಷ್ಟವಾದ ಮುದ್ರಣವೊಂದನ್ನು ಕೇಳಲಿ, ತರುವಾಯ ರಚನಕಾರರದನ್ನು ಕೇಳಲಿ, ಮತ್ತೊಮ್ಮೆ ಇಂದಿನದಕ್ಕೆ ಮರಳಲಿ. ಆ ಮೂರನೆಯ ಸಲದಲ್ಲಿ ಹೊಸ ವಾದಕನ ಬೆರಳುಗಳ ಹಿಂದೆ ಆ ವೃದ್ಧರ ಲಯವು ಮೆಲ್ಲಗೆ ತಾಳ ಹಾಕುತ್ತಿರುವುದು ಅವನ ಕಿವಿಗೆ ಬಿದ್ದೀತು.